ಲಾಮು ಹಳೆಪಟ್ಟಣದ ಕಲ್ಲುಮನೆ: ನಕ್ಷೆ ಓದುವುದು ಹೇಗೆ?

ಪರೀಕ್ಷೆಗೆ ಓದುವವರಿಗಾಗಿ ನನ್ನ ಟಿಪ್ಪಣಿ ಇದು. ಲಾಮು ಕೆನ್ಯಾದ ಉತ್ತರ ಕರಾವಳಿಯ ದ್ವೀಪದಲ್ಲಿರುವ ಊರು. 2001ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಇದೇ ಕರಾವಳಿಯ ಗೇಡಿ, ಪಕ್ಕದ ಮಾಂಡಾ ದ್ವೀಪದ ತಕ್ವಾ ಎಂಬ ಹಳೆ ಊರುಗಳೆರಡೂ ಪಾಳುಬಿದ್ದಿವೆ. ಲಾಮುವಿನ ಹಳೆಮನೆಗಳಲ್ಲಿ ಇಂದಿಗೂ ಒಲೆ ಉರಿಯುತ್ತದೆ. ಓಣಿಗಳು ಎಷ್ಟು ಕಿರಿದೆಂದರೆ ಸಾಮಾನು ಹೋಗುವುದು ಕತ್ತೆಯ ಮೇಲೆ.

ಸಾಮಗ್ರಿ

ಹವಳದ ಕಲ್ಲು, ಸುಣ್ಣ, ಕಾಂಡ್ಲಾ (ಮ್ಯಾಂಗ್ರೋವ್) ಮರ. ಹವಳದಲ್ಲಿ ಎರಡು ಬಗೆ ಇದೆ, ಪರೀಕ್ಷೆಯಲ್ಲಿ ಬೇರೆಬೇರೆಯಾಗಿಯೇ ಬರೆಯಿರಿ. ನೆಲದಿಂದ ಅಗೆದ ಒರಟು ಹಳೆ ಹವಳ ಗೋಡೆಗೆ. ಸಮುದ್ರದೊಳಗಿನ ದಿಬ್ಬದಿಂದ ಹಸಿಯಾಗಿ ಕಡಿದದ್ದು ಮೆದು. ಕೆತ್ತಲು ಸುಲಭ, ಗಾಳಿಗೆ ಒಣಗಿದಂತೆ ಗಟ್ಟಿಯಾಗುತ್ತದೆ. ಅದು ನಯವಾದ ಕೆತ್ತನೆಯ ಕೆಲಸಕ್ಕೆ. ಹವಳವನ್ನೇ ಸುಟ್ಟರೆ ಸುಣ್ಣ.

ಕೋಣೆಗಳೇಕೆ ಉದ್ದ, ಅಗಲವೇಕೆ ಕಡಿಮೆ?

ನಾನು ಹೆಚ್ಚು ಹೊತ್ತು ಕೂತದ್ದು ಇಲ್ಲಿಯೇ. ಹದಿನೆಂಟನೆಯ ಶತಮಾನದ ಮನೆಯ ನಕ್ಷೆ ನೋಡಿದರೆ ಉದ್ದುದ್ದ ಪಟ್ಟಿಗಳನ್ನು ಒಂದರ ಹಿಂದೆ ಒಂದು ಜೋಡಿಸಿದ ಹಾಗೆ ಕಾಣುತ್ತದೆ. ಜಾಗದ ಅಭಾವ ಎಂದು ಉತ್ತರ ಬರೆದರೆ ಸಾಲದು, ಏಕೆಂದರೆ ಶ್ರೀಮಂತರ ದೊಡ್ಡ ಮನೆಗಳಲ್ಲೂ ಕೋಣೆಯ ಅಗಲ ಹೆಚ್ಚುವುದಿಲ್ಲ.

ಉತ್ತರ ತಲೆಯ ಮೇಲಿದೆ. ಮಾಳಿಗೆ ನಿಂತಿರುವುದು ಬೊರಿಟಿ ಎಂಬ ಕಾಂಡ್ಲಾ ತೊಲೆಗಳ ಮೇಲೆ. ಒತ್ತೊತ್ತಾಗಿ ತೊಲೆ ಹಾಸಿ, ಮೇಲೆ ಹವಳದ ಚೂರು, ಸುಣ್ಣದ ಗಾರೆ ತುಂಬುತ್ತಾರೆ. ಭಾರ ಬಹಳ. ನೇರವಾದ, ಅಷ್ಟು ಭಾರ ತಡೆಯುವ ತೊಲೆ ಸುಮಾರು ಮೂರು ಮೀಟರ್ ಸಿಗುತ್ತದೆ, ಅಷ್ಟೆ. ಅದರ ಎರಡು ತುದಿಗಳೂ ಗೋಡೆಯ ಮೇಲೆ ಕೂರಬೇಕಾದ್ದರಿಂದ ಒಳಗಿನ ಅಗಲ ಇನ್ನೂ ತಗ್ಗುತ್ತದೆ. ಉದ್ದಕ್ಕೆ ಇಂಥ ಅಡ್ಡಿಯಿಲ್ಲ: ಪಕ್ಕಪಕ್ಕಕ್ಕೆ ಇನ್ನಷ್ಟು ತೊಲೆ ಇಡುತ್ತಾ ಹೋದರಾಯಿತು.

ಹಾಗಾಗಿ ನನ್ನ ಅಡ್ಡದಾರಿ ಇದು: ಯಾವ ನಕ್ಷೆ ಕೊಟ್ಟರೂ ಮೊದಲು ಪೆನ್ಸಿಲ್‌ನಲ್ಲಿ ತೊಲೆಗಳನ್ನು ಗೀಚಿ. ತೊಲೆ ಯಾವಾಗಲೂ ಅಗಲಕ್ಕೆ ಅಡ್ಡ. ಅದರ ತುದಿ ಮುಟ್ಟುವ ಉದ್ದ ಗೋಡೆಗಳೇ ಭಾರ ಹೊರುವವು. ಮೇಲಂತಸ್ತಿನ ಗೋಡೆ ಬರುವುದೂ ಸಾಮಾನ್ಯವಾಗಿ ಅವುಗಳ ನೇರಕ್ಕೇ. ತೊಲೆ ಗೀಚಲು ಬಾರದಷ್ಟು ಎರಡೂ ಕಡೆ ಅಗಲವಾದ ಜಾಗ ಕಂಡರೆ ಅದು ಅಂಗಳ, ಮೇಲೆ ಸೂರಿಲ್ಲ. ಇಷ್ಟು ತಿಳಿದರೆ ಹೆಸರು ಬರೆಯದ ನಕ್ಷೆಯಲ್ಲೂ ಅಂಗಳವನ್ನು ಥಟ್ಟನೆ ಗುರುತಿಸಬಹುದು.

ಇನ್ನು ಒಳಗೆ ನಡೆಯೋಣ. ಹೆಸರುಗಳೆಲ್ಲ ಅಲ್ಲಿನ ಸ್ವಾಹಿಲಿ ಭಾಷೆಯವು. ಓಣಿಯಲ್ಲಿ ದಾಕಾ, ಎಂದರೆ ಕಲ್ಲುಜಗಲಿಯ ಮುಂಬಾಗಿಲು. ಬಂದವರನ್ನು ಕೂರಿಸಿ ಮಾತಾಡಿಸುವುದು ಇಲ್ಲಿ. ನಂತರ ಟೆಕಾನಿ, ಎಂದರೆ ಬಾಗಿಲ ಒಳಗಿನ ಮೊಗಸಾಲೆ. ಇಲ್ಲಿ ದಾರಿ ತಿರುಗುವುದರಿಂದ ಓಣಿಯಲ್ಲಿ ನಿಂತವರ ಕಣ್ಣು ಒಳಗೆ ಹಾಯುವುದಿಲ್ಲ. ಆಮೇಲೆ ಕಿವಾಂಡಾ, ಅಂದರೆ ಅಂಗಳ. ನಮ್ಮ ತೊಟ್ಟಿಮನೆಯಲ್ಲಿ ಅಂಗಳದ ನಾಲ್ಕೂ ಸುತ್ತ ಹಜಾರವಿರುತ್ತದೆ. ಇಲ್ಲಿ ಮುಖ್ಯ ಕೋಣೆಗಳು ಒಂದೇ ದಿಕ್ಕಿಗೆ ಹಿಂದೆ ಹಿಂದೆ ಸರಿಯುತ್ತವೆ. ಮೊದಲ ಮ್ಸಾನಾ (ಉದ್ದ ಪಡಸಾಲೆ), ಎರಡನೆಯ ಮ್ಸಾನಾ, ಅದರಾಚೆ ನ್ಡಾನಿ. ಒಂದೊಂದು ಗೋಡೆ ದಾಟಿದಾಗಲೂ ನೆಲ ತುಸು ಏರುತ್ತದೆ, ಬೆಳಕು ತಗ್ಗುತ್ತದೆ, ಪ್ರವೇಶವುಳ್ಳವರು ಕಡಿಮೆಯಾಗುತ್ತಾರೆ. ನ್ಡಾನಿ ಹೆಂಗಸರ, ಮನೆಯವರ ಖಾಸಗಿ ಜಾಗ. ತೊಲೆ ವಿಧಿಸಿದ ಇಕ್ಕಟ್ಟನ್ನೇ ಮರ್ಯಾದೆಯ ಮೆಟ್ಟಿಲುಗಳಾಗಿ ಜೋಡಿಸಿದ ಈ ಜಾಣ್ಮೆ ನನಗೆ ಇಡೀ ಪಾಠದಲ್ಲಿ ಅತಿ ಇಷ್ಟವಾದದ್ದು. ಅತ್ಯಂತ ಒಳಗಿನ ಗೋಡೆಯಲ್ಲಿ ಜಿಡಾಕಾ, ಅಂದರೆ ಗಾರೆಯ ಗೂಡುಗಳ ಸಾಲು. ಚೀನಾದ ಪಿಂಗಾಣಿ ಇಡುತ್ತಿದ್ದದ್ದು ಅಲ್ಲಿ.

ಓಣಿಯ ಮೇಲೆ ಸೇತುವೆಯಂತೆ ಹಾಯುವ ಕೋಣೆಗೆ ವಿಕಿಯೊ ಎನ್ನುತ್ತಾರೆ. ಹೆಂಗಸರು ಬೀದಿಗಿಳಿಯದೆ ನಂಟರ ಮನೆಗೆ ಹೋಗಿ ಬರಲು ಅನುಕೂಲ. ಓಣಿಯೂ ಕಿರಿದಾದ್ದರಿಂದ ಅದೇ ತೊಲೆ ಸಾಕು.

ಕೋಟೆ, ಅಂಚೆ ಕಚೇರಿ

ಕೋಟೆ 1813ರಲ್ಲಿ ಶುರು, 1821ರಲ್ಲಿ ಮುಗಿಯಿತು. ಕಟ್ಟಲು ಬೆನ್ನಿಗೆ ನಿಂತದ್ದು ಅರಬ್ ನಾಡಾದ ಓಮಾನಿನವರು. 1910ರಿಂದ 1984ರವರೆಗೆ ಜೈಲು. ಕಟ್ಟಿದಾಗ ನೀರಂಚಿನಲ್ಲಿದ್ದ ಕೋಟೆಯ ಮುಂದೆ ಈಗ ಮನೆಗಳ ಸಾಲಿದೆ, ಏಕೆಂದರೆ ದಡದ ಕಡೆಯ ಸಾಲು ಆಮೇಲೆ ಬೆಳೆದದ್ದು. ಜರ್ಮನ್ ಅಂಚೆ ಕಚೇರಿ 1888ರಿಂದ 1891, ಹತ್ತಿರದ ವಿಟು ಎಂಬ ಸುಲ್ತಾನರ ನಾಡಿನಲ್ಲಿ ಜರ್ಮನರಿಗಿದ್ದ ಆಸಕ್ತಿಯಿಂದ.

ದುರಸ್ತಿ

ಹವಳದ ಗೋಡೆಗೆ ಸಿಮೆಂಟ್ ಬಳಿಯಬಾರದು. ಸುಣ್ಣದ ಗಾರೆ ಗೋಡೆಯ ತೇವವನ್ನು ಹೊರಗೆ ಆರಲು ಬಿಡುತ್ತದೆ. ಸಿಮೆಂಟ್ ಅದನ್ನು ಒಳಗೇ ಕಟ್ಟಿಹಾಕುತ್ತದೆ. ಮೊದಲು ಕೊಳೆಯುವುದು ಗೋಡೆಯೊಳಗೆ ಹುದುಗಿದ ತೊಲೆಯ ತುದಿ. ಎರಡು ತುದಿಯ ಮೇಲೆ ನಿಂತ ಮಾಳಿಗೆಗೆ ಒಂದು ತುದಿ ಹೋದರೂ ಸಾಕು, ಜಗ್ಗಲು ಶುರು. ಹೊರಗಿನ ಗಿಲಾವು ಮಾತ್ರ ಆಗಲೂ ಹೊಸದಾಗಿಯೇ ಕಾಣುತ್ತಿರುತ್ತದೆ. ಹಾಗಾಗಿ ಹಳೆಮನೆ ಪರಿಶೀಲಿಸುವವರು ಮೊದಲು ನೋಡಬೇಕಾದದ್ದು ತೊಲೆ ಗೋಡೆಗೆ ಸೇರುವ ಜಾಗವನ್ನು.