ಸಿಂಹ ಕಾಣಲಿಲ್ಲವೆಂದು ಕಣ್ಣನ್ನು ದೂರಬೇಡಿ

“ಸರ್, ಸಿಂಹ ಎಲ್ಲಿದೆ?”

ಆಕಾಶ ವೀಕ್ಷಣೆಗೆ ಬಂದವರು ಕೇಳುತ್ತಾರೆ. ಲೇಸರ್ ಹಿಡಿದು ಮಘಾ ನಕ್ಷತ್ರದಿಂದ ಶುರುಮಾಡಿ ಒಂದೊಂದೇ ಚುಕ್ಕಿ ತೋರಿಸುತ್ತೇನೆ. ಒಂದಷ್ಟು ಜನ ತಕ್ಷಣ “ಹಾಂ ಹಾಂ, ಕಾಣಿಸ್ತು” ಅನ್ನುತ್ತಾರೆ. ಉಳಿದವರು ಮೊಬೈಲ್ ತೆಗೆದು ಆ್ಯಪ್‌ನಲ್ಲಿ ಕೇಸರ ಕೆದರಿದ ಸಿಂಹದ ಚಿತ್ರ ನೋಡುತ್ತಾರೆ, ತಲೆಯೆತ್ತುತ್ತಾರೆ, ಮತ್ತೆ ಮೊಬೈಲ್ ನೋಡುತ್ತಾರೆ. ಕೊನೆಗೆ ತಗ್ಗಿದ ದನಿಯಲ್ಲಿ, “ನನಗೆ ಕಾಣ್ತಾ ಇಲ್ಲ, ಕನ್ನಡಕ ಬದಲಾಯಿಸಬೇಕೇನೋ” ಅನ್ನುತ್ತಾರೆ. ಎಷ್ಟು ವರ್ಷವಾದರೂ ಈ ಮಾತು ಕೇಳಿದರೆ ನನಗೆ ತಡೆದುಕೊಳ್ಳಲಾಗುವುದಿಲ್ಲ. ನಿಮ್ಮ ಕಣ್ಣು ಸರಿಯಾಗಿಯೇ ಇದೆ. ಅಲ್ಲಿ ಸಿಂಹದ ಚಿತ್ರವೇ ಇಲ್ಲ.

ಹಿಂದಿನವರು ರಾತ್ರಿ ಕೂತು ಚುಕ್ಕಿಗೆ ಚುಕ್ಕಿ ಸೇರಿಸಿ ಗೆರೆ ಎಳೆದರು, ಸಿಂಹ ಮೂಡಿತು, ಸಿಂಹ ಎಂದು ಕರೆದರು ಎಂದು ಬಹಳ ಜನ ನಂಬಿದ್ದಾರೆ. ವೃಶ್ಚಿಕದಂಥ ಕೆಲವು ಕಡೆ ಇದು ನಿಜವೆನಿಸುತ್ತದೆ. ಆ ಕೊಂಡಿಯನ್ನು ಯಾರಿಗೂ ತೋರಿಸಿಕೊಡಬೇಕಿಲ್ಲ. ಆದರೆ ಬಹುಪಾಲು ಹೆಸರುಗಳು ಆಕಾರದ ವರ್ಣನೆಯಲ್ಲ, ಆಕಾಶದ ಒಂದು ಜಾಗಕ್ಕೆ ಇಟ್ಟ ಹೆಸರು. ಒಂದು ಊರಿನ ಹೆಸರಿನಲ್ಲಿ ಆನೆ ಇದೆ ಎಂದು ಅದರ ನಕಾಶೆಯಲ್ಲಿ ಯಾರಾದರೂ ಸೊಂಡಿಲು ಹುಡುಕುತ್ತಾರೆಯೇ?

ಜಾಗ ಎಂದದ್ದು ಮಾತಿನ ಅಲಂಕಾರಕ್ಕಲ್ಲ. ಅಂತಾರಾಷ್ಟ್ರೀಯ ಖಗೋಳ ಒಕ್ಕೂಟ 1922ರಲ್ಲಿ 88 ನಕ್ಷತ್ರಪುಂಜಗಳ ಪಟ್ಟಿಯನ್ನು ಒಪ್ಪಿಕೊಂಡಿತು. ಬೆಲ್ಜಿಯಂನ ಖಗೋಳಜ್ಞ ಯುಜೀನ್ ಡೆಲ್ಪೋರ್ಟ್ ಅವುಗಳಿಗೆ ಗಡಿ ಎಳೆದುಕೊಟ್ಟರು. ಅದು ಪ್ರಕಟವಾದದ್ದು 1930ರಲ್ಲಿ. ಅಂದಿನಿಂದ ಆಕಾಶದ ಪ್ರತಿ ಬಿಂದುವೂ ಯಾವುದಾದರೂ ಒಂದು ಪುಂಜದ ಎಲ್ಲೆಯೊಳಗೆ ಬರುತ್ತದೆ. ಒಕ್ಕೂಟ ಗೊತ್ತುಮಾಡಿದ್ದು ಹೆಸರು ಮತ್ತು ಗಡಿ. ಚುಕ್ಕಿಗಳ ನಡುವಿನ ಗೆರೆಗಳಿಗೆ ಯಾವ ಅಧಿಕೃತ ರೂಪವೂ ಇಲ್ಲ. ಅದಕ್ಕೇ ಒಂದು ಪುಸ್ತಕದಲ್ಲಿ ಸಿಂಹಕ್ಕೆ ನಾಲ್ಕು ಕಾಲಿರುತ್ತದೆ, ಇನ್ನೊಂದರಲ್ಲಿ ಕಾಲೇ ಇರುವುದಿಲ್ಲ. ಆ್ಯಪ್‌ನ ಚಿತ್ರ ಅದನ್ನು ಬರೆದ ಕಲಾವಿದರದು, ಆಕಾಶದ್ದಲ್ಲ.

ಹಾಗಾದರೆ ಹೆಸರು ಬಂದದ್ದು ಎಲ್ಲಿಂದ? ಒಂದೇ ಮೂಲ ಹೇಳುವವರನ್ನು ನಾನು ನಂಬುವುದಿಲ್ಲ. ರಾಶಿಚಕ್ರದ ಹಲವು ಹೆಸರುಗಳ ಬೇರು ಬ್ಯಾಬಿಲೋನಿನಲ್ಲಿದೆ ಎಂಬುದಕ್ಕೆ ಜೇಡಿಮಣ್ಣಿನ ಹಲಗೆಗಳೇ ಸಾಕ್ಷಿ. ‘ಮುಲ್ ಅಪಿನ್’ ಎಂಬ ಹಲಗೆಗಳಲ್ಲಿ ಸಿಂಹ, ವೃಷಭ, ಚೇಳು ಎಲ್ಲ ಇವೆ. ನಾವು ಮೇಷ ಅನ್ನುವ ಜಾಗದಲ್ಲಿ ಮಾತ್ರ ಟಗರಿಲ್ಲ, ಒಬ್ಬ ಕೂಲಿಯಾಳು ಇದ್ದಾನೆ. ನಕ್ಷತ್ರಗಳು ಅವೇ, ಕೂಲಿಯಾಳು ಹೋಗಿ ಟಗರು ಬಂತು. ತುಲಾ ರಾಶಿಯನ್ನು ಗ್ರೀಕರು ಚೇಳಿನ ಇಕ್ಕಳ ಅನ್ನುತ್ತಿದ್ದರು. ಅಲ್ಲಿನ ಎರಡು ಪ್ರಕಾಶಮಾನ ನಕ್ಷತ್ರಗಳ ಅರಬ್ಬಿ ಹೆಸರುಗಳಿಗೆ ಇಂದಿಗೂ ‘ದಕ್ಷಿಣದ ಇಕ್ಕಳ’, ‘ಉತ್ತರದ ಇಕ್ಕಳ’ ಎಂದೇ ಅರ್ಥ. ವರಾಹಮಿಹಿರ ರಾಶಿಗಳಿಗೆ ಕ್ರಿಯ, ತಾವುರಿ, ಜಿತುಮ, ಲೇಯ ಎಂಬ ಹೆಸರುಗಳನ್ನೂ ಕೊಡುತ್ತಾನೆ. ಗ್ರೀಕಿನ ಕ್ರಿಯೋಸ್, ತೌರೋಸ್, ದಿದಿಮೋಯ್, ಲೆಯೋನ್ ಸಂಸ್ಕೃತದ ಬಾಯಲ್ಲಿ ಹೀಗಾದವು. ಹೆಸರುಗಳು ಊರೂರು ಅಲೆದಿವೆ, ಕೆಲವು ದಾರಿಯಲ್ಲೇ ವೇಷ ಬದಲಿಸಿವೆ.

ಉತ್ತರದ ಆ ಏಳು ಚುಕ್ಕಿಗಳನ್ನೇ ನೋಡಿ. ನಮಗೆ ಸಪ್ತರ್ಷಿಗಳು. ಬ್ಯಾಬಿಲೋನಿನವರಿಗೆ ಬಂಡಿ, ಚೀನೀಯರಿಗೆ ಸೌಟು, ಗ್ರೀಕರಿಗೆ ಕರಡಿ. ವೇದಕಾಲದ ಗ್ರಂಥವಾದ ಶತಪಥ ಬ್ರಾಹ್ಮಣದಲ್ಲಿ ಒಂದು ಮಾತು ಬರುತ್ತದೆ: ಸಪ್ತರ್ಷಿಗಳನ್ನು ಹಿಂದೆ ಋಕ್ಷಗಳು ಎಂದು ಕರೆಯುತ್ತಿದ್ದರು. ಋಕ್ಷ ಎಂದರೆ ಕರಡಿ! ಇದನ್ನು ಮೊದಲು ಓದಿದ ರಾತ್ರಿ ನಾನು ಹೊರಗೆ ಹೋಗಿ ಆ ಏಳು ಚುಕ್ಕಿಗಳನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದೆ. ಕರಡಿ ಕಾಣಲಿಲ್ಲ. ಸಂತೋಷ ಮಾತ್ರ ತುಂಬ ಆಯಿತು.

ಇಷ್ಟು ಹೇಳಿದರೂ ಒಪ್ಪದವರಿಗೆ ನಾನು ಖಗೋಳಜ್ಞ ಲಕಾಯ್ ಕಥೆ ಹೇಳುತ್ತೇನೆ. ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿದ್ದ ಖಗೋಳಜ್ಞ ಟಾಲೆಮಿ ಕ್ರಿ.ಶ. ಎರಡನೆಯ ಶತಮಾನದಲ್ಲಿ ಪಟ್ಟಿ ಮಾಡಿದ 48 ಪುಂಜಗಳಲ್ಲಿ ದಕ್ಷಿಣ ಧ್ರುವದ ಸುತ್ತಲಿನ ಆಕಾಶ ಇರಲಿಲ್ಲ, ಅವನಿರುವಲ್ಲಿಂದ ಅದು ಕಾಣುವುದೇ ಇಲ್ಲ. ಅಲ್ಲಿ ಮೊದಲು ಹಕ್ಕಿ, ಮೀನುಗಳ ಹೆಸರು ತುಂಬಿದವರು ಡಚ್ ನಾವಿಕರು. ಆಮೇಲೆ ಫ್ರಾನ್ಸಿನ ಲಕಾಯ್ 1751-52ರಲ್ಲಿ ಆಫ್ರಿಕದ ಗುಡ್‌ಹೋಪ್ ಭೂಶಿರದಲ್ಲಿ ಕೂತು ಹತ್ತಿರಹತ್ತಿರ 10,000 ನಕ್ಷತ್ರಗಳ ಸ್ಥಾನ ಗುರುತಿಸಿದ. ಖಾಲಿ ಉಳಿದಿದ್ದ ಜಾಗಗಳಿಗೆ 14 ಹೊಸ ಹೆಸರು ಇಟ್ಟ. ಏನೇನು? ದೂರದರ್ಶಕ, ಸೂಕ್ಷ್ಮದರ್ಶಕ, ಗಾಳಿಪಂಪು, ಕುಲುಮೆ, ಲೋಲಕದ ಗಡಿಯಾರ. ಒಂದಕ್ಕೆ ಮಾತ್ರ ತಾನಿದ್ದ ಊರಿನ ಮೇಲೆ ಎದ್ದು ನಿಂತಿದ್ದ ಟೇಬಲ್ ಬೆಟ್ಟದ ಹೆಸರು. ಆ ಪುಂಜದಲ್ಲಿ ಐದನೆಯ ಕಾಂತಿಮಾನಕ್ಕಿಂತ (ಇದು ಹೊಳಪಿನ ಅಳತೆ, ಅಂಕಿ ಹೆಚ್ಚಿದಷ್ಟು ನಕ್ಷತ್ರ ಮಂದ) ಹೆಚ್ಚು ಬೆಳಗುವ ನಕ್ಷತ್ರ ಒಂದೂ ಇಲ್ಲ. ಸ್ವಲ್ಪ ದೀಪದ ಬೆಳಕಿದ್ದರೂ ಪೂರಾ ಖಾಲಿಯಾಗಿ ಕಾಣುತ್ತದೆ. ಅಲ್ಲಿ ಬೆಟ್ಟ ಹುಡುಕಿ ಫಲವಿಲ್ಲ. ಹೆಸರಿಡುವಾಗ ಆ ಮನುಷ್ಯನಿಗೆ ಏನು ಪ್ರಿಯವಾಗಿತ್ತು ಎಂಬುದು ಮಾತ್ರ ಅಲ್ಲಿ ಕಾಣುತ್ತದೆ, ನನಗೆ ಅಷ್ಟು ಸಾಕು.

ಒಂದು ಎಚ್ಚರಿಕೆ. ಚಿತ್ರವಿಲ್ಲ ಎಂದ ಮಾತ್ರಕ್ಕೆ ಆ ನಕ್ಷತ್ರಗಳಿಗೆ ಒಂದಕ್ಕೊಂದು ಸಂಬಂಧವೇ ಇಲ್ಲ ಎಂದು ಸಾರಾಸಗಟಾಗಿ ಹೇಳಬೇಡಿ. ಸಾಮಾನ್ಯವಾಗಿ ಅವು ಬೇರೆಬೇರೆ ದೂರದಲ್ಲಿದ್ದು ನಮ್ಮ ನೋಟಕ್ಕೆ ಮಾತ್ರ ಅಕ್ಕಪಕ್ಕ ಕಾಣುತ್ತವೆ, ನಿಜ. ಆದರೆ ಸಪ್ತರ್ಷಿಗಳಲ್ಲಿ ಐದು ನಿಜಕ್ಕೂ ಒಡಹುಟ್ಟಿದವು, ಸುಮಾರು 80 ಜ್ಯೋತಿರ್ವರ್ಷ ದೂರದಲ್ಲಿ ಒಟ್ಟಿಗೇ ಸಾಗುತ್ತಿವೆ.

ಒಮ್ಮೆ ಎಂಟು ವರ್ಷದ ಹುಡುಗನೊಬ್ಬ ಸಾಲಿನ ಕೊನೆಯಲ್ಲಿ ಅಳುತ್ತ ನಿಂತಿದ್ದ. ಎಲ್ಲರಿಗೂ ಸಿಂಹ ಕಂಡಿದೆ, ಅವನಿಗೊಬ್ಬನಿಗೇ ಇಲ್ಲ. “ಸರಿಯಾಗಿ ನೋಡೋ” ಎಂದು ಅಪ್ಪ ಗದರಿಸುತ್ತಿದ್ದರು. ನಾನು ಪಕ್ಕದಲ್ಲಿ ಕೂತು, “ನಿನಗೆ ಏನು ಕಾಣುತ್ತೆ ಮರಿ, ಅದನ್ನ ಹೇಳು” ಎಂದೆ. ಮೂಗು ಒರೆಸಿಕೊಂಡು, “ಕೊಕ್ಕೆ” ಅಂದ. ಮಘಾದಿಂದ ಮೇಲಕ್ಕೆ ಬಾಗಿರುವ ಆ ಸಾಲನ್ನು ಖಗೋಳದವರು ಕುಡುಗೋಲು ಎಂದೇ ಕರೆಯುತ್ತಾರೆ ಎಂದು ಅವನಿಗೆ ಹೇಳಿ, ಲೇಸರನ್ನು ಅವನ ಕೈಗೇ ಕೊಟ್ಟು, ನಾನು ಆ ಕೈ ಹಿಡಿದುಕೊಂಡೇ ತೋರಿಸಲು ಹೇಳಿದೆ. ಅವನು ಬುಡದಿಂದ ತುದಿಯವರೆಗೆ ನಿಧಾನವಾಗಿ ಬೆಳಕು ಎಳೆದ.

“ಅರೆ, ಹೌದಲ್ಲೋ,” ಎಂದರು ಅಪ್ಪ.