ಟೆಕ್ನಿಷಿಯನ್ ಹತ್ತಿರ ಬರಲಿಲ್ಲ, ಟೇಬಲ್ ತಾನೇ ಏರಿತು: ಸ್ಕ್ಯಾನ್ ಸರಿಯಾಗಿ ಆಗಿರುತ್ತಾ?

ಪ್ರಶ್ನೆ: ಮೊನ್ನೆ ಹೊಟ್ಟೆಯ ಸಿ.ಟಿ. ಸ್ಕ್ಯಾನ್‌ಗೆ ಹೋಗಿದ್ದೆ. ಹಿಂದಿನ ಸಲ ಟೆಕ್ನಿಷಿಯನ್ ಪಕ್ಕದಲ್ಲೇ ನಿಂತು, ಮೈಮೇಲೆ ಬಿದ್ದ ಕೆಂಪು ಗೆರೆ ನೋಡಿಕೊಂಡು ಟೇಬಲ್ಲನ್ನು ಮೇಲೆ ಕೆಳಗೆ ಮಾಡಿ ಹೊಂದಿಸಿದ್ದರು. ಈ ಸಲ ಮಲಗಲು ಹೇಳಿ, ಪರದೆ ನೋಡಿ ಬಟನ್ ಒತ್ತಿದರು, ಅಷ್ಟೆ. ಟೇಬಲ್ ತಾನಾಗಿ ಏರಿ ಒಳಗೆ ಹೋಯಿತು. ಸೀಲಿಂಗ್‌ನಲ್ಲಿ ಒಂದು ಕ್ಯಾಮೆರಾ ಇತ್ತು. ನಾನು ಸರಿಯಾದ ಜಾಗದಲ್ಲಿದ್ದೇನೆ ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ? ಅದನ್ನು ನಂಬಬಹುದಾ?

ಉತ್ತರ: ನಂಬಬಹುದು. ಟೇಬಲ್ ಎಷ್ಟು ಎತ್ತರದಲ್ಲಿರಬೇಕು ಅನ್ನುವ ವಿಷಯದಲ್ಲಂತೂ ಮನುಷ್ಯರ ಕಣ್ಣಂದಾಜಿಗಿಂತ ಆ ಕ್ಯಾಮೆರಾವನ್ನೇ ಜಾಸ್ತಿ ನಂಬಬಹುದು. ಆದರೆ ಅದಕ್ಕೆ ಕಾಣುವುದು ನಿಮ್ಮ ಮೈಯ ಹೊರಗಿನ ಆಕಾರ ಮಾತ್ರ. ಹಾಗಾಗಿ ಪರದೆ ನೋಡಿ ಬಟನ್ ಒತ್ತಿದ ಆ ಟೆಕ್ನಿಷಿಯನ್ ಕೆಲಸ ಸಣ್ಣದೇನಲ್ಲ.

ಮೊದಲು ಎತ್ತರದ ಮಾತು. ಸಿ.ಟಿ. ಯಂತ್ರದ ದೊಡ್ಡ ಉಂಗುರದೊಳಗೆ ಎಕ್ಸ್‌ರೇ ಟ್ಯೂಬ್ ನಿಮ್ಮ ಸುತ್ತ ತಿರುಗುತ್ತದೆ. ಆ ಉಂಗುರಕ್ಕೆ ಒಂದು ನಟ್ಟನಡು ಬಿಂದು ಇದೆ. ನಿಮ್ಮ ದೇಹದ ನಡುಮಟ್ಟ ಅಲ್ಲಿಗೆ ಬರಬೇಕು. ಸ್ವಲ್ಪ ಆಚೀಚೆ ಆದರೆ ಏನಾಗುತ್ತೆ, ಚಿತ್ರವೇನೂ ತಪ್ಪಿಹೋಗುವುದಿಲ್ಲವಲ್ಲ ಅನ್ನಿಸಬಹುದು. ಚಿತ್ರ ಬರುತ್ತದೆ, ನಿಜ. ಆದರೆ ಎರಡು ತೊಂದರೆಗಳಿವೆ.

ಒಂದು, ಟ್ಯೂಬಿನ ಮುಂದೆ ಇರುವ ಫಿಲ್ಟರ್. ನಡುವೆ ತೆಳು, ಎರಡೂ ಅಂಚಿಗೆ ದಪ್ಪ. ಆಕಾರ ನೋಡಿ ಅದಕ್ಕೆ ಬೋ-ಟೈ ಫಿಲ್ಟರ್ ಅಂತ ಹೆಸರು. ಮನುಷ್ಯರ ದೇಹ ನಡುವೆ ದಪ್ಪ, ಅಂಚಿನಲ್ಲಿ ತೆಳು. ದಪ್ಪ ಇರುವಲ್ಲಿಗೆ ಜಾಸ್ತಿ ಕಿರಣ, ತೆಳು ಇರುವಲ್ಲಿಗೆ ಕಡಿಮೆ ಕಿರಣ ಹೋಗಲಿ ಅಂತ ಈ ಏರ್ಪಾಡು. ನೀವು ನಡುವಿನಿಂದ ಕೆಳಗೆ ಜಾರಿದಿರಿ ಅನ್ನಿ, ಈ ಜೋಡಿ ತಪ್ಪುತ್ತದೆ. ದೇಹದ ದಪ್ಪ ಭಾಗಕ್ಕೆ ಫಿಲ್ಟರ್‌ನ ದಪ್ಪ ಭಾಗವೇ ಎದುರಾಗಿ ಅಲ್ಲಿ ಚಿತ್ರ ಕಾಳುಕಾಳಾಗುತ್ತದೆ. ಇನ್ನೊಂದು ಕಡೆ ಚರ್ಮಕ್ಕೆ ಬೇಡದಷ್ಟು ಕಿರಣ ಬೀಳುತ್ತದೆ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ದೇಹದ ಬದಲು 32 ಸೆಂ.ಮೀ. ಅಗಲದ ದುಂಡನೆ ಪ್ಲಾಸ್ಟಿಕ್ ಮಾದರಿ ಇಟ್ಟು ಅಳೆದಿದ್ದರು. ಅದನ್ನು ನಡುವಿನಿಂದ 3 ಸೆಂ.ಮೀ. ಸರಿಸಿದಾಗ ಹೊರಮೈ ಮೇಲಿನ ಡೋಸ್, ಅಂದರೆ ಅಲ್ಲಿ ಬೀಳುವ ಕಿರಣದ ಪ್ರಮಾಣ, ಶೇ. 18ರಷ್ಟು ಏರಿತು. 6 ಸೆಂ.ಮೀ. ಸರಿಸಿದಾಗ ಶೇ. 41. ಮೂರು ಸೆಂಟಿಮೀಟರ್ ಅಂದರೆ ಎರಡು ಬೆರಳಿನ ಅಗಲ, ಅಷ್ಟೇ ಅಲ್ವಾ?

ಇನ್ನೊಂದು ತೊಂದರೆ ನೆರಳಿನದು. ದೀಪದ ಹತ್ತಿರ ಕೈ ಹಿಡಿದರೆ ಗೋಡೆ ಮೇಲೆ ನೆರಳು ದೊಡ್ಡದಾಗುತ್ತದೆ, ದೂರ ಹಿಡಿದರೆ ಚಿಕ್ಕದಾಗುತ್ತದೆ. ಸಿ.ಟಿ.ಯಲ್ಲೂ ಇದೇ ನಡೆಯುತ್ತದೆ. ಪೂರ್ತಿ ಸ್ಕ್ಯಾನ್‌ಗೆ ಮೊದಲು 'ಸ್ಕೌಟ್' ಅನ್ನುವ ಒಂದು ಚಪ್ಪಟೆ ಚಿತ್ರ ತೆಗೆಯುತ್ತಾರೆ. ಅದರಲ್ಲಿ ಕಂಡ ಗಾತ್ರ ನೋಡಿ ಎಷ್ಟು ಕಿರಣ ಬೇಕು ಅಂತ ಯಂತ್ರ ತೀರ್ಮಾನಿಸುತ್ತದೆ. ನೀವು ಟ್ಯೂಬಿಗೆ ಹತ್ತಿರವಾಗಿದ್ದರೆ ದಪ್ಪಗೆ ಕಾಣುತ್ತೀರಿ, ಕಿರಣ ಜಾಸ್ತಿ ಬರುತ್ತದೆ. ದೂರವಾಗಿದ್ದರೆ ಸಣ್ಣಗೆ ಕಾಣುತ್ತೀರಿ, ಕಿರಣ ಸಾಲದೆ ಚಿತ್ರ ಕಾಳುಕಾಳಾಗುತ್ತದೆ.

ಎತ್ತರ ಹೊಂದಿಸುವುದು ಅನುಭವಿ ಟೆಕ್ನಿಷಿಯನ್‌ಗೂ ಸುಲಭವಲ್ಲ. ಲೇಸರ್ ಗೆರೆ ಪಕ್ಕೆಯ ಮೇಲೆ ಬೀಳುತ್ತದೆ. ಎದೆ ಒಂದು ದಪ್ಪ, ಹೊಟ್ಟೆ ಇನ್ನೊಂದು ದಪ್ಪ. ಮೇಲೆ ಸಡಿಲ ಬಟ್ಟೆ, ಹೊದಿಕೆ ಬೇರೆ. ಇದೆಲ್ಲದರ ನಡುಮಟ್ಟ ಎಲ್ಲಿದೆ ಅಂತ ಪಕ್ಕದಲ್ಲಿ ನಿಂತು ಕಣ್ಣಂದಾಜಿನಲ್ಲಿ ಹೇಳಬೇಕು. ಕೈಯಿಂದ ಹೊಂದಿಸಿದ ಸ್ಕ್ಯಾನ್‌ಗಳನ್ನು ಅಳೆದು ನೋಡಿದಾಗ, ಜನರನ್ನು ನಡುಬಿಂದುವಿಗಿಂತ ಕೆಳಗೆ ಮಲಗಿಸಿರುವುದೇ ಹೆಚ್ಚಾಗಿ ಕಂಡುಬಂದಿದೆ. ಅದನ್ನು ಯಾರದೋ ಬೇಜವಾಬ್ದಾರಿ ಅನ್ನಲಾರೆ. ಕಣ್ಣಿಗೆ ಒಪ್ಪದ ಕೆಲಸವನ್ನು ಇಷ್ಟು ವರ್ಷ ಕಣ್ಣಿನಿಂದ ಮಾಡಿಸಿದ್ದೇವೆ.

ಈಗ ಕ್ಯಾಮೆರಾಕ್ಕೆ ಬರೋಣ. ಮಾಮೂಲಿ ಕ್ಯಾಮೆರಾ ಬಣ್ಣ ಹಿಡಿಯುತ್ತದೆ. ಇದು ಅದರ ಜೊತೆಗೆ ದೂರವನ್ನೂ ಅಳೆಯುತ್ತದೆ. ಟಿವಿ ರಿಮೋಟ್‌ನಿಂದ ಹೊರಡುವಂಥ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ನಿಮ್ಮ ಮೇಲೆ ಬಿಡುತ್ತದೆ. ಒಂದು ಬಗೆಯ ಸೆನ್ಸರ್ ಆ ಬೆಳಕು ಹೋಗಿ ಬರಲು ಹಿಡಿದ ಹೊತ್ತನ್ನು ಲೆಕ್ಕ ಹಾಕುತ್ತದೆ. ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲಿನಲ್ಲಿ ಬೆಳಕು ಸುಮಾರು 30 ಸೆಂ.ಮೀ. ಹೋಗುತ್ತದೆ, ಅಷ್ಟು ಸೂಕ್ಷ್ಮ ಲೆಕ್ಕ ಅದು. ಇನ್ನೊಂದು ಬಗೆಯದು ಚುಕ್ಕಿ ಅಥವಾ ಗೆರೆಗಳ ವಿನ್ಯಾಸವನ್ನು ಮೈಮೇಲೆ ಬೀಳಿಸಿ, ಉಬ್ಬುತಗ್ಗಿನಲ್ಲಿ ಅದು ಹೇಗೆ ಬಾಗಿದೆ ಅಂತ ನೋಡುತ್ತದೆ. 2010ರಲ್ಲಿ ಮೈಕ್ರೋಸಾಫ್ಟ್ ವಿಡಿಯೊ ಗೇಮ್ ಆಡುವವರಿಗಾಗಿ ತಂದ ಕಿನೆಕ್ಟ್‌ನಲ್ಲಿ ಇದ್ದದ್ದು ಈ ಎರಡನೆಯ ಬಗೆ. ಮಕ್ಕಳು ಕೈಕಾಲು ಆಡಿಸಿದ್ದನ್ನು ಹಿಡಿಯುತ್ತಿದ್ದ ಉಪಾಯದ ಸಂಬಂಧಿಯೇ ಈಗ ರೋಗಿಯ ಡೋಸ್ ಕಡಿಮೆ ಮಾಡುತ್ತಿದೆ. ಇದು ನನಗೆ ತುಂಬಾ ಖುಷಿ ಕೊಡುವ ಸಂಗತಿ.

ದೂರದ ಈ ಚಿತ್ರದಲ್ಲಿ ಸಾಫ್ಟ್‌ವೇರ್ ತಲೆ, ಭುಜ, ಸೊಂಟ, ಮಂಡಿ ಎಲ್ಲಿವೆ ಅಂತ ಗುರುತಿಸುತ್ತದೆ. ಬೇರೆ ಬೇರೆ ಮೈಕಟ್ಟಿನ ಸಾಕಷ್ಟು ಜನರ ಚಿತ್ರಗಳನ್ನು ತೋರಿಸಿ ಅದಕ್ಕೆ ಇದನ್ನು ಕಲಿಸಿರುತ್ತಾರೆ. ಟೇಬಲ್ ಎಷ್ಟು ಎತ್ತರದಲ್ಲಿದೆ ಅಂತ ಯಂತ್ರಕ್ಕೆ ಮೊದಲೇ ಗೊತ್ತು. ಮೈಯ ಮೇಲ್ಭಾಗ ಎಲ್ಲಿದೆ ಅಂತ ಕ್ಯಾಮೆರಾ ಹೇಳಿತು. ಎರಡರ ನಡುವಿನ ಅಂತರವೇ ನಿಮ್ಮ ದಪ್ಪ. ಸ್ಕ್ಯಾನ್ ಆಗಬೇಕಾದ ಭಾಗದ ನಡುಮಟ್ಟ ಸಿಕ್ಕಿತು, ಟೇಬಲ್ ಅಷ್ಟು ಏರಿತು. ಎಲ್ಲಿಂದ ಎಲ್ಲಿವರೆಗೆ ಸ್ಕ್ಯಾನ್ ಅನ್ನುವುದು ಪರದೆ ಮೇಲೆ ಒಂದು ಚೌಕಟ್ಟಾಗಿ ಮೂಡುತ್ತದೆ. ಟೆಕ್ನಿಷಿಯನ್ ಅದನ್ನು ನೋಡಿ, ಬೇಕಾದರೆ ಸರಿಸಿ, ಆಮೇಲೆ ಒಪ್ಪುತ್ತಾರೆ. ಸೀಮೆನ್ಸ್ ಹೆಲ್ತಿನೀರ್ಸ್, ಜಿಇ, ಫಿಲಿಪ್ಸ್ ಮೊದಲಾದ ಕಂಪನಿಗಳ ಹೊಸ ಯಂತ್ರಗಳಲ್ಲಿ ಈ ಸೌಲಭ್ಯ ಇದೆ. 2020ರಲ್ಲಿ ಕೋವಿಡ್ ಬಂದಾಗ, ರೋಗಿಯ ಹತ್ತಿರ ನಿಲ್ಲದೆ ಪಕ್ಕದ ಕೋಣೆಯಿಂದಲೇ ಹೊಂದಿಸಲು ಇದು ನೆರವಾಯಿತು.

ಸದ್ದಿಲ್ಲದೆ ಆಗುವ ಇನ್ನೊಂದು ಉಪಕಾರವೂ ಇದೆ. ರೋಗಿ ತಲೆ ಮೊದಲು ಒಳಗೆ ಹೋಗುತ್ತಾರಾ, ಕಾಲು ಮೊದಲಾ ಅಂತ ಕಂಪ್ಯೂಟರ್‌ನಲ್ಲಿ ನಮೂದಿಸಬೇಕು. ಅಲ್ಲಿ ತಪ್ಪಾದರೆ ಚಿತ್ರದಲ್ಲಿ ಎಡ ಬಲ ಅದಲುಬದಲು. ಯಾವ ಕಿಡ್ನಿಯಲ್ಲಿ ಕಲ್ಲಿದೆ ಅನ್ನುವ ಪ್ರಶ್ನೆ ಇರುವಾಗ ಇದು ಎಷ್ಟು ದೊಡ್ಡ ತಪ್ಪು, ಯೋಚಿಸಿ. ಮಲಗಿದ ರೀತಿಗೂ ನಮೂದಿಸಿದ್ದಕ್ಕೂ ತಾಳೆ ಆಗದಿದ್ದರೆ ಎಚ್ಚರಿಸುವ ವ್ಯವಸ್ಥೆ ಈಗ ಇದೆ.

ಕ್ಯಾಮೆರಾ ಎಡವುವ ಕಡೆಗಳೂ ಇವೆ. ದಪ್ಪ ಹೊದಿಕೆ ಇದ್ದರೆ ಅದನ್ನೂ ಮೈ ಅಂತಲೇ ಅಂದುಕೊಳ್ಳಬಹುದು. ಪುಟ್ಟ ಮಕ್ಕಳು, ಬೆನ್ನುಮೂಳೆ ಬಾಗಿದವರು, ಪ್ಲಾಸ್ಟರ್ ಹಾಕಿಸಿಕೊಂಡವರು, ಕೈಕಾಲು ಕಳೆದುಕೊಂಡವರು, ಇವರ ವಿಷಯದಲ್ಲಿ ಅದು ಕಲಿತ ಮಾದರಿಗೆ ಎಲ್ಲವೂ ಹೊಂದುವುದಿಲ್ಲ. ಒಳಗಿನ ಅಂಗಗಳಂತೂ ಎಲ್ಲರಲ್ಲೂ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಒಬ್ಬರ ಯಕೃತ್ತು ಪಕ್ಕೆಲುಬಿನೊಳಗೆ ಮುಗಿದರೆ ಇನ್ನೊಬ್ಬರದು ಕೆಳಗೆ ಇಳಿದಿರುತ್ತದೆ. ಹಾಗಾಗಿ ಸ್ಕೌಟ್ ಚಿತ್ರ ನೋಡಿ ಟೆಕ್ನಿಷಿಯನ್ ಗಡಿಯನ್ನು ಮತ್ತೆ ತಿದ್ದುತ್ತಾರೆ. ಈ ಹೆಜ್ಜೆಯನ್ನು ಯಾವ ಕಾರಣಕ್ಕೂ ಬಿಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಎಂ.ಆರ್.ಐ. ಚಿತ್ರ ತೆಗೆಯುವುದು ದೊಡ್ಡ ಕಾಂತದ ನೆರವಿನಿಂದ, ಅಲ್ಲಿ ಎಕ್ಸ್‌ರೇ ಕಿರಣದ ಚಿಂತೆ ಇಲ್ಲ. ಆದರೂ ಕಾಂತಕ್ಷೇತ್ರ ಒಂದೇ ಸಮ ಇರುವುದು ನಡುವಿನಲ್ಲೇ, ಹಾಗಾಗಿ ಅಲ್ಲೂ ಜಾಗ ಮುಖ್ಯ. ಕೆಲವು ಎಂ.ಆರ್.ಐ. ಟೇಬಲ್‌ಗಳಲ್ಲಿ ಉಸಿರಾಟ ಗುರುತಿಸುವ ಸೆನ್ಸರ್ ಒಳಗೇ ಇರುತ್ತದೆ, ಹೊಟ್ಟೆಗೆ ಪಟ್ಟಿ ಕಟ್ಟುವ ಕೆಲಸ ತಪ್ಪಿದೆ. ಕ್ಯಾನ್ಸರ್‌ನ ವಿಕಿರಣ ಚಿಕಿತ್ಸೆಯಲ್ಲಿ ಇಂಥ ಕ್ಯಾಮೆರಾಗಳು ಚಿಕಿತ್ಸೆ ಮುಗಿಯುವ ತನಕ ಮೈಯನ್ನು ಬಿಡದೆ ನೋಡುತ್ತಿರುತ್ತವೆ. ರೋಗಿ ಮಿತಿ ಮೀರಿ ಅಲುಗಿದರೆ ಕಿರಣ ನಿಲ್ಲಿಸುವ ಏರ್ಪಾಡೂ ಇದೆ.

ಮುಂದಿನ ಸಲ ಹೋದಾಗ ನೀವೂ ಸ್ವಲ್ಪ ನೆರವಾಗಬಹುದು. ಸಾಮಾನ್ಯವಾಗಿ ಸಿ.ಟಿ. ಟೇಬಲ್ ಮೇಲೆ ಕೆಳಗೆ, ಒಳಗೆ ಹೊರಗೆ ಹೋಗುತ್ತದೆಯೇ ಹೊರತು ಎಡಕ್ಕೆ ಬಲಕ್ಕೆ ಸರಿಯುವುದು ಕಡಿಮೆ. ಆ ದಿಕ್ಕಿನಲ್ಲಿ ನಡುವೆ ಮಲಗುವುದು ನಿಮ್ಮ ಕೈಯಲ್ಲಿದೆ. ದಪ್ಪ ಜಾಕೆಟ್ ತೆಗೆದಿಡಿ. ಬೆನ್ನು ನೋಯುತ್ತಿದ್ದರೆ, ದಿಂಬು ಬೇಕಿದ್ದರೆ, ಕೈ ಮೇಲೆತ್ತಲು ಆಗದಿದ್ದರೆ ಮೊದಲೇ ಹೇಳಿ. ಕ್ಯಾಮೆರಾ ಅಳೆದ ಮೇಲೆ ಸುಮ್ನೆ ಸ್ವಲ್ಪ ಜರುಗಿಕೊಂಡರೂ ಅದರ ಲೆಕ್ಕ ಹಳೆಯ ಜಾಗದ್ದೇ ಆಗಿರುತ್ತದೆ. ಜರುಗಿದ್ದೇ ಆದರೆ ಸಂಕೋಚ ಬೇಡ, "ನಾನು ಸರಿದೆ, ಇನ್ನೊಮ್ಮೆ ನೋಡ್ತೀರಾ" ಅನ್ನಿ. ಮತ್ತೆ ಅಳೆಯಲು ಹೆಚ್ಚು ಹೊತ್ತು ಬೇಕಿಲ್ಲ.