ಎರಡು ಬೆಳೆಗಳ ನಡುವೆ ಹೊಲ ಬರಿದಾಗಿ ಬಿಡಬೇಡಿ

ಮಣ್ಣು ಪರೀಕ್ಷೆಯ ವರದಿ ಹಿಡಿದು ಬರುವ ರೈತರಿಗೆ ನಾನು ಮೊದಲು ಕೇಳುವುದು ಗೊಬ್ಬರದ ಲೆಕ್ಕವನ್ನಲ್ಲ. ವರ್ಷದಲ್ಲಿ ಎಷ್ಟು ತಿಂಗಳು ನಿಮ್ಮ ಹೊಲ ಬರಿದಾಗಿರುತ್ತದೆ ಎಂದು ಕೇಳುತ್ತೇನೆ. ಬೆಳೆ ಇಲ್ಲದಾಗ ಹೊಲ ಸುಮ್ನೆ ವಿಶ್ರಾಂತಿ ಪಡೆಯುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಆದರೆ ಮಣ್ಣು ಸೊರಗುವುದು, ಸುತ್ತಲಿನ ನೀರು ಕೆಡುವುದು ಹೆಚ್ಚಾಗಿ ಈ ಖಾಲಿ ದಿನಗಳಲ್ಲೇ.

ಕೊಯ್ಲು ಮುಗಿದರೂ ಮಣ್ಣಿನ ಸೂಕ್ಷ್ಮಜೀವಿಗಳು ಕೆಲಸ ನಿಲ್ಲಿಸುವುದಿಲ್ಲ. ತೇವ, ಬಿಸಿ ಇರುವವರೆಗೂ ಸಾವಯವ ಅಂಶವನ್ನು ಒಡೆದು ನೈಟ್ರೇಟ್ (ಬೆಳೆ ಹೀರಿಕೊಳ್ಳಬಲ್ಲ ಸಾರಜನಕದ ರೂಪ) ಮಾಡುತ್ತಲೇ ಇರುತ್ತವೆ. ನೈಟ್ರೇಟ್‌ಗೆ ಇರುವುದು ಋಣ ವಿದ್ಯುದಂಶ, ಜೇಡಿಮಣ್ಣಿನ ಕಣಗಳಿಗೂ ಅದೇ. ಹಾಗಾಗಿ ಮಣ್ಣು ಅದನ್ನು ಹಿಡಿದಿಡಲಾರದು. ಹೀರಿಕೊಳ್ಳುವ ಬೇರು ಇಲ್ಲದಿದ್ದರೆ ಮಳೆನೀರಿನ ಜೊತೆ ಇಳಿದು ಅಂತರ್ಜಲ ಸೇರುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 50 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಜಾಸ್ತಿಯಾದರೆ ಹಸುಗೂಸುಗಳ ರಕ್ತ ಆಮ್ಲಜನಕ ಸಾಗಿಸುವ ಶಕ್ತಿಯನ್ನೇ ಕಳೆದುಕೊಳ್ಳಬಹುದು.

ರಂಜಕದ ದಾರಿ ಬೇರೆ. ಅದು ಮಣ್ಣಿನ ಕಣಕ್ಕೆ ಅಂಟಿಕೊಂಡು, ಮಣ್ಣು ಕೊಚ್ಚಿಹೋದಾಗ ಜೊತೆಗೇ ಹೋಗುತ್ತದೆ. ಕೆರೆ ಸೇರಿದರೆ ಪಾಚಿ ಹಬ್ಬಿಸುತ್ತದೆ. ಆ ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಮುಗಿದು ಮೀನುಗಳು ಸಾಯುತ್ತವೆ.

ಎರಡಕ್ಕೂ ತಡೆ ಹಾಕುವ ಅಗ್ಗದ ದಾರಿ ಹೊದಿಕೆ ಬೆಳೆ. ಮಾರುವುದಕ್ಕಲ್ಲ, ನೆಲ ಮುಚ್ಚುವುದಕ್ಕೆಂದೇ ಬಿತ್ತುವ ಬೆಳೆ ಇದು. ಮಣ್ಣಿಗೆ ಮತ್ತೆ ಜೀವ ತುಂಬುವ ಪುನಶ್ಚೇತನ ಕೃಷಿ ಎಂದರೆ ಉಳುಮೆ ಕಡಿಮೆ ಮಾಡುವುದು, ಬೆಳೆ ಬದಲಿಸುವುದು, ದನಕರು ಮೇಯಿಸುವುದು ಎಲ್ಲವೂ ಸೇರುತ್ತದೆ. ಆದರೂ ನನ್ನನ್ನು ಕೇಳಿದರೆ ನೆಲದಲ್ಲಿ ಸದಾ ಜೀವಂತ ಬೇರು ಇಡುವುದರಿಂದಲೇ ಶುರು ಮಾಡಿ ಎನ್ನುತ್ತೇನೆ.

ಬೇರು ಏನು ಮಾಡುತ್ತದೆ ಎಂದು ಕಣ್ಣಾರೆ ನೋಡಬಹುದು. ಪದೇ ಪದೇ ಉತ್ತ ಹೊಲದಿಂದ ಒಂದು ಹೆಂಟೆ, ಹುಲ್ಲು ಬೆಳೆದ ಬದುವಿನಿಂದ ಇನ್ನೊಂದು ಹೆಂಟೆ ತನ್ನಿ. ಎರಡನ್ನೂ ಚೆನ್ನಾಗಿ ಒಣಗಿಸಿ, ಒಂದೊಂದನ್ನು ನೀರು ತುಂಬಿದ ಗಾಜಿನ ಲೋಟದಲ್ಲಿ ಜಾಲರಿಯ ಮೇಲಿಡಿ. ಸಾಮಾನ್ಯವಾಗಿ ಹೊಲದ ಹೆಂಟೆ ಕೆಲವೇ ನಿಮಿಷಗಳಲ್ಲಿ ಕರಗಿ ನೀರೆಲ್ಲ ಕೆಸರಾಗುತ್ತದೆ. ಬದುವಿನದು ಗಟ್ಟಿಯಾಗಿ ನಿಂತಿರುತ್ತದೆ. ಬೇರು ಸ್ರವಿಸುವ ಸಕ್ಕರೆ ಅಂಶವನ್ನು ತಿಂದು ಬದುಕುವ ಶಿಲೀಂಧ್ರ, ಬ್ಯಾಕ್ಟೀರಿಯಾಗಳು ಅಂಟು ಬಿಟ್ಟು ಕಣಗಳನ್ನು ಕೂಡಿಸುತ್ತವೆ. ಹೀಗೆ ಕೂಡಿದ ಮಣ್ಣಿನ ಸಂದುಗಳಲ್ಲಿ ಮಳೆನೀರು ಇಂಗುತ್ತದೆ. ಕರಗುವ ಮಣ್ಣಾದರೆ ಮೇಲ್ಪದರ ಹೆಪ್ಪುಗಟ್ಟಿ ನೀರು ಹರಿದೇ ಹೋಗುತ್ತದೆ.

ಯಾವ ಬೆಳೆ ಹಾಕಲಿ ಎಂದರೆ ಬಹುತೇಕರು ದ್ವಿದಳವನ್ನೇ ಹೇಳುತ್ತಾರೆ. ಅಪ್ಸೆಣಬು (ಸನ್‌ಹೆಂಪ್), ಅಲಸಂದೆ, ಹುರುಳಿ ಒಳ್ಳೆಯವೇ. ಅವುಗಳ ಬೇರಿನ ಮೇಲಿನ ಸಣ್ಣ ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಗುಲಾಬಿ ಅಥವಾ ಕೆಂಪಾಗಿದ್ದರೆ ಅದು ಗಾಳಿಯ ಸಾರಜನಕ ಹಿಡಿಯುತ್ತಿದೆ ಎಂದರ್ಥ. ಆದರೆ ಮಣ್ಣಿನಲ್ಲಿ ಈಗಾಗಲೇ ಉಳಿದ ನೈಟ್ರೇಟನ್ನು ಬಾಚಿಕೊಳ್ಳುವುದರಲ್ಲಿ ಸಜ್ಜೆ, ಜೋಳ, ಓಟ್ಸ್‌ನಂಥ ಹುಲ್ಲಿನ ಜಾತಿಯವು ಮುಂದು. ಅವುಗಳ ತಂತುಬೇರು ದಟ್ಟ. ನೀರು ಕೆಡದಂತೆ ಕಾಯುವ ಉದ್ದೇಶವೂ ಇದ್ದರೆ ಎರಡನ್ನೂ ಬೆರೆಸಿ ಬಿತ್ತಿ.

ಬಿತ್ತುವುದಕ್ಕಿಂತ ಮುಖ್ಯ ಹೊದಿಕೆ ಬೆಳೆಯನ್ನು ಯಾವಾಗ ಕತ್ತರಿಸಿ ಮುಗಿಸುತ್ತೀರಿ ಎನ್ನುವುದು. ಇಲ್ಲಿಯೇ ಪೂರಾ ಲಾಭ ಕೈಜಾರುವುದು. ಎಳೆಯ ದ್ವಿದಳದಲ್ಲಿ ಇಂಗಾಲಕ್ಕೆ ಪ್ರತಿಯಾಗಿ ಇರುವ ಸಾರಜನಕದ ಪಾಲು ಬಲಿತ ಹುಲ್ಲಿನ ಬೆಳೆಗಿಂತ ಜಾಸ್ತಿ, ಕೆಲವೇ ವಾರಗಳಲ್ಲಿ ಕೊಳೆಯುತ್ತದೆ. ಅದನ್ನು ಮಣ್ಣಿಗೆ ಸೇರಿಸಿ ಮಳೆಗಾಲದಲ್ಲಿ ಹೊಲ ಖಾಲಿ ಬಿಟ್ಟರೆ ಗಾಳಿಯಿಂದ ಗಳಿಸಿದ ಸಾರಜನಕವೇ ಬಾವಿಗೆ ಇಳಿಯುತ್ತದೆ. ಇನ್ನು ತೆನೆ ಬಲಿತ ಹುಲ್ಲಿನ ಬೆಳೆ ತದ್ವಿರುದ್ಧ. ಅದನ್ನು ಕೊಳೆಸಲು ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಬಳಸಿಕೊಳ್ಳುವುದರಿಂದ ಮುಂದಿನ ಬೆಳೆ ಹಳದಿಗೆ ತಿರುಗುತ್ತದೆ. ಆದ್ದರಿಂದ ಮುಂದಿನ ಬಿತ್ತನೆಯ ದಿನದಿಂದ ಹಿಂದಕ್ಕೆ ಎಣಿಸಿ ದಿನ ಗೊತ್ತು ಮಾಡಿ. ಹೂ ಬಿಡುವ ಹೊತ್ತು ಸಾಮಾನ್ಯವಾಗಿ ಸರಿ. ಬೀಜ ಕಟ್ಟಲು ಬಿಟ್ಟರೆ ಅದೇ ಕಳೆಯಾಗುತ್ತದೆ. ಸಾಧ್ಯವಾದರೆ ಉಳದೆ, ಕತ್ತರಿಸಿ ನೆಲದ ಮೇಲೇ ಹಾಸಿ. ಉಳುಮೆ ಮಾಡಿದರೆ ಅಷ್ಟು ದಿನ ಕೂಡಿದ ಮಣ್ಣಿನ ಕಣಗಳು ಮತ್ತೆ ಒಡೆಯುತ್ತವೆ.

ಮಳೆ ಕಡಿಮೆ ಇರುವ ಕಡೆ ಎಚ್ಚರ ಬೇಕು. ಹೊದಿಕೆ ಬೆಳೆಯೂ ನೀರು ಕುಡಿಯುತ್ತದೆ ಅಲ್ವಾ? ಅಂಥಲ್ಲಿ ಬೇಗ ಕತ್ತರಿಸಿ, ಸೊಪ್ಪು ಕಡಿಮೆ ಸಿಕ್ಕರೂ ಪರವಾಗಿಲ್ಲ. ಕಳೆನಾಶಕ ಹೊಡೆದ ಹೊಲವಾದರೆ ಅದರ ಶೇಷದಿಂದ ಮೊಳಕೆ ಕುಂಠಿತವಾಗಬಹುದು, ಮೊದಲು ಒಂದಿಷ್ಟು ಬೀಜ ಹಾಕಿ ನೋಡಿ.

ಒಂದೇ ವರ್ಷದಲ್ಲಿ ರಾಸಾಯನಿಕ ಗೊಬ್ಬರವೇ ಬೇಡವಾಗುತ್ತದೆ ಎನ್ನುವವರ ಮಾತು ನಂಬಬೇಡಿ. ಸಾವಯವ ಇಂಗಾಲ ಏರುವುದು ನಿಧಾನ, ವರದಿಯಲ್ಲಿ ಕಾಣಲು ವರ್ಷಗಳೇ ಬೇಕು. ನೀರು ಇಂಗುವ ವೇಗ ಅದಕ್ಕಿಂತ ಮೊದಲು ಬದಲಾಗುವುದುಂಟು. ಹೊಲದ ಒಂದು ಪಟ್ಟಿಯಲ್ಲಿ ಮಾತ್ರ ಹೊದಿಕೆ ಬೆಳೆ ಹಾಕಿ, ಪಕ್ಕದ ಪಟ್ಟಿ ಹಾಗೇ ಬಿಡಿ. ಎರಡೂ ಕಡೆ ಗುದ್ದಲಿಯಿಂದ ಅಗೆದು ಎರೆಹುಳು ಎಣಿಸಿ, ಬೇರು ಎಷ್ಟು ಆಳ ಹೋಗಿದೆ ನೋಡಿ ಬರೆದಿಡಿ. ಮರುವರ್ಷ ಅದೇ ತಿಂಗಳಲ್ಲಿ, ಅಷ್ಟೇ ತೇವ ಇರುವಾಗ ಮತ್ತೆ ಅಗೆಯಿರಿ.